ಕಾಕುವಿನ ಅಂಗಳದಲ್ಲಿ ಹುರಿದ ಖಾರ

ಅವ್ವ ಹೋದದ್ದು ಸಂಕ್ರಾಂತಿ ಮುಗಿದ ಮೇಲೆ. ನಾನು ಮಣ್ಣು ಕೊಡಲು ಬಂದು, ವಿಜಯಪುರದ ಹಾಸ್ಟೆಲಿಗೆ ಮರಳಿ, ಎಂ.ಎ. ಪರೀಕ್ಷೆ ಬರೆದು ನಮ್ಮೂರು ಸೋನ್ಯಾಳಕ್ಕೆ ಬರುವ ಹೊತ್ತಿಗೆ ಮನೆಯಲ್ಲಿ ಅಳುವುದು ಮುಗಿದಿತ್ತು. ಅಪ್ಪ ಮತ್ತು ತಂಗಿ ಅತ್ತೆಯ ಡಬ್ಬಿಗಳ ಮೇಲೆ ದಿನ ದೂಡುತ್ತಿದ್ದರು.

ಅತ್ತೆ ಅಪ್ಪನ ತಂಗಿ. ಡಫಳಾಪುರಕ್ಕೆ ಕೊಟ್ಟಿದ್ದಾರೆ. ವಾರ ವಾರ ಎಸ್.ಟಿ. ಬಸ್ಸು ಹತ್ತಿ ಬಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾರ ಇಟ್ಟು ಹೋಗುತ್ತಿದ್ದರು. ಒಮ್ಮೆ ಹೊರಡುವಾಗ ಅಪ್ಪನ ಮುಂದೆ ನಿಂತು ಹೇಳಿದರು:

"ಅಣ್ಣ, ಸಣ್ಣಾಕಿನ್ನ ನಾ ಕರಕೊಂಡ ಹೋಗ್ತೀನಿ. ನಮ್ಮೂರ ಸಾಲಿಗೇ ಹಚ್ಚೂಣು."

"ಆಕಿ ಅಕ್ಕ ಬಂದಾಳಲ್ಲ," ಎಂದರು ಅಪ್ಪ.

"ಅಕ್ಕ ಒಂದರ ರೊಟ್ಟಿ ಬಡದಾಳೇನು? ಪರೀಕ್ಷಾದಾಗ ರೊಟ್ಟಿ ಕೇಳಿದ್ರ ಫೇಲ್ ಆಗಿ ಬರ್ತಿದ್ಲು."

"ಕಲೀತೀನ್ರಿ ಅತ್ತಿ," ಎಂದೆ.

"ಕಲಿ ಯವ್ವಾ, ಬ್ಯಾಡ ಅನ್ನಾಕಿ ನಾ ಅಲ್ಲ. ಸಾಲಿ ಸುರು ಆಗೂ ಮುಂದ ಬರ್ತೀನಿ. ಮನಿ ನಿನ್ನ ಕೈಲೆ ನಡದಿತ್ತಂದ್ರ ಹುಡುಗಿ ಇಲ್ಲೇ ಇರ್ಲಿ. ಇಲ್ಲಂದ್ರ ನನ್ನ ಕೂಡ."

ಅತ್ತೆಯದು ಕೆಟ್ಟ ಮನಸ್ಸಲ್ಲ. ಆ ಮಾತಿನಲ್ಲಿ ತಪ್ಪೂ ಇರಲಿಲ್ಲ. ಮರುದಿನ ಬೆಳಿಗ್ಗೆ ತಂಗಿ ಕೇಳಿದಳು, "ಅಕ್ಕ, ನಾ ಹೋಗಬೇಕೇನು?" ನಾನು "ನೋಡೂಣು" ಎಂದೆ. ಆಕೆಗೆ ಬೇಕಿದ್ದ ಉತ್ತರ ಅದಲ್ಲವೆಂದು ತಿಳಿದಿತ್ತು. ತಿಳಿದದ್ದು ಒಳಗೆ ಎಲ್ಲೂ ತಾಗಲಿಲ್ಲ.

ಕಲಿತೆ. ಜೋಳದ ಹಿಟ್ಟಿಗೆ ಕುದಿವ ನೀರು ಹಾಕಿ ನಾದುವುದು, ಅಂಗೈಯಿಂದ ಬಡಿಯುವುದು, ಹೆಂಚಿನ ಮೇಲೆ ಹಾಕಿ ನೀರು ಸವರುವುದು. ಮೊದಮೊದಲು ರೊಟ್ಟಿಯ ಅಂಚು ಒಡೆಯುತ್ತಿತ್ತು, ಆಮೇಲೆ ಒಡೆಯಲಿಲ್ಲ. ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ನನಗೆ ತಿಳಿಯುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಯಾವುದರ ರುಚಿಯೂ ನಾಲಿಗೆಗೆ ಹತ್ತುತ್ತಿರಲಿಲ್ಲ. ತಂಗಿ ಬೆರಳಿನಿಂದ ನೆಕ್ಕಿ ಹೇಳುತ್ತಿದ್ದಳು, ಅದರಂತೆ ಹಾಕುತ್ತಿದ್ದೆ.

ಉಳಿದದ್ದು ಖಾರ. ನಮ್ಮ ಕಡೆ ಖಾರವೆಂದರೆ ಬರೀ ಮೆಣಸಿನಕಾಯಿ ಪುಡಿಯಲ್ಲ. ಕೊತ್ತಂಬರಿ, ಎಳ್ಳು, ಒಣಕೊಬ್ಬರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮಸಾಲೆಗಳನ್ನು ಎಣ್ಣೆಯಲ್ಲಿ ಹುರಿದು, ಮೆಣಸಿನಕಾಯಿಯ ಜೊತೆ ಕುಟ್ಟಿಸಿ, ಬೇಸಿಗೆಯಲ್ಲಿ ಒಮ್ಮೆ ಮಾಡಿಟ್ಟರೆ ವರ್ಷವಿಡೀ ಪಲ್ಯ, ಸಾರು ಅದರಲ್ಲೇ. ಪ್ರತಿ ಮನೆಯ ಅಳತೆ ಬೇರೆ. ಅವ್ವನ ಖಾರ ಭರಣಿಯ ತಳ ಮುಟ್ಟಿತ್ತು. ಅತ್ತೆಯ ಡಬ್ಬಿಯಿಂದಲೇ ಪಲ್ಯ ಮಾಡುತ್ತ ಕುಳಿತರೆ, ಮನೆ ನಡೆಸುತ್ತಿದ್ದೇನೆ ಎಂದು ಹೇಳುವ ಬಾಯಿ ನನಗಿರುತ್ತಿರಲಿಲ್ಲ.

ಜತ್ತದ ಸಂತೆಯಿಂದ ಮೆಣಸಿನಕಾಯಿ, ಮಸಾಲೆ ತಂದೆ. ಮೆಣಸಿನಕಾಯಿ ಮಾಳಿಗೆಯ ಮೇಲೆ ಒಣಗಿಸಿ, ತಂಗಿಯೂ ನಾನೂ ಕುಳಿತು ತೊಟ್ಟು ಬಿಡಿಸಿದೆವು. ಇಬ್ಬರ ಕಣ್ಣಲ್ಲೂ ನೀರು ಸುರಿಯಿತು. ಮಣ್ಣಿನ ದಿನ ನಾನು ಅತ್ತಿರಲಿಲ್ಲ. ಇದೂ ಅಳುವಲ್ಲ, ಮೆಣಸಿನಕಾಯಿ.

ಮೊದಲು ಮೆಣಸಿನಕಾಯಿ ಕುಟ್ಟಿಸಿ ತರೋಣವೆಂದು ಚೀಲ ಹೊತ್ತು ಡಂಕಿಗೆ ಹೋದೆ. ಕಬ್ಬಿಣದ ಒನಕೆಗಳು ಮೋಟಾರಿನ ಮೇಲೆ ಎದ್ದು ಬಿದ್ದು ಕುಟ್ಟುವ ಆ ಶೆಡ್ಡಿನಲ್ಲಿ ಹೆಂಗಸರು ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ಮುದುಕಿಯೊಬ್ಬಳು ಯಾರ ಮಗಳೆಂದು ಕೇಳಿದಳು. ಹೇಳಿದೆ.

"ಅಯ್ಯ! ನಿಮ್ಮ ಮನ್ಯಾಗ ಇನ್ನಾ ವರ್ಷ ಆಗಿಲ್ಲಲ್ಲವಾ? ಖಾರ ಕುಟ್ಟಸಾಕ ಬಂದೀಯಲ್ಲ?"

ಹೆಂಗಸರು ತಮ್ಮ ಬುಟ್ಟಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಡಂಕಿನಾತ ನನ್ನ ಕಡೆ ನೋಡದೆ, "ಯವ್ವಾ, ಬ್ಯಾಡ. ನಿಂದು ಹಾಕಿದ್ರ ಉಳದವರು ತಮ್ಮದು ಹಾಕಂಗಿಲ್ಲ," ಎಂದ.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಖಾರ, ಶಾವಿಗೆ, ಸಂಡಿಗೆ ಮಾಡಬಾರದು, ಬಂಧುಬಳಗದವರೇ ಮಾಡಿ ಕೊಡಬೇಕು. ಈ ಪದ್ಧತಿಯನ್ನು ಚಿಕ್ಕಂದಿನಲ್ಲಿ ಬೇರೆಯವರ ಮನೆಗಳಲ್ಲಿ ನೋಡಿದ್ದೆ. ನಮ್ಮದೂ ಈಗ ಅಂಥ ಮನೆ ಎಂಬುದು ನನಗೆ ಹೊಳೆದಿರಲಿಲ್ಲ. ಚೀಲ ಎತ್ತಿಕೊಂಡು ಬಂದೆ.

ಪಕ್ಕದ ಮನೆಯಾಕೆಯನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಅವರು ಅಂಗಳದಲ್ಲಿ ಕುರಿಮರಿಗೆ ತೊಪ್ಪಲು ಹಾಕುತ್ತಿದ್ದರು. "ಏನವಾ, ಹೋದ ಚೀಲ ಹೋದಂಗ ಬಂತಲ್ಲ?" ಎಂದರು. ನಡೆದದ್ದನ್ನು ಹೇಳಿದೆ. ಅವರು ನಕ್ಕುಬಿಟ್ಟರು.

"ನಿಮ್ಮ ಮನ್ಯಾಗ ಮಾಡಬಾರದು, ಖರೇ. ನಮ್ಮ ಮನ್ಯಾಗ ಮಾಡಬಾರದಂತ ಯಾರರ ಅಂದಾರೇನು? ಇಳಸ ಇಲ್ಲೆ. ಈಗಿಂದ ಇವು ನನ್ನ ಮೆಣಸಿನಕಾಯಿ. ಮಾಡಿ ನಿಮಗ ಕೊಡಾಕಿ ನಾ. ಹುರಿಯಾಕಿ ಮಾತ್ರ ನೀ, ನನ್ನ ನಡಾ ಏಳಂಗಿಲ್ಲ."

ಅವರ ಅಂಗಳದಲ್ಲಿ ಮೂರು ಕಲ್ಲಿಟ್ಟು ಬುಟ್ಟಿಯಷ್ಟು ದೊಡ್ಡ ಕಡಾಯಿ ಏರಿಸಿದೆವು. ಯಾವುದರ ನಂತರ ಯಾವುದನ್ನು ಹುರಿಯಬೇಕೆಂದು ಕಾಕು ಕುಳಿತಲ್ಲಿಂದ ಹೇಳಿದರು. ಅವ್ವನ ಅಳತೆ ಕೇಳಿದೆ. "ನನಗೇನ ಗೊತ್ತವಾ? ಒಬ್ಬರ ಖಾರದ ಅಳತಿ ಒಬ್ಬರು ಕೇಳಂಗಿಲ್ಲ," ಎಂದರು.

ತಂಗಿ ಹೊಗೆಯ ಮೇಲೆ ಮುಖವಿಟ್ಟು ನಿಂತಳು. "ಕೊಬ್ರಿ ಇನ್ನಾ ಕೆಂಪ ಆಗ್ಲಿ ಅಕ್ಕ. ಅವ್ವ ಹಿಂಗ ತಗೀತಿದ್ದಿಲ್ಲ." ಎಳ್ಳು ಸಾಕೆಂದಳು. ಉಳ್ಳಾಗಡ್ಡಿಯ ನೀರಿನಂಶ ಹೋಗಿಲ್ಲವೆಂದಳು. ನನಗೆ ಯಾವ ವಾಸನೆಯೂ ಬೇರೆಯಾಗಿ ತಿಳಿಯುತ್ತಿರಲಿಲ್ಲ, ಆಕೆ ಹೇಳಿದಾಗ ಇಳಿಸಿದೆ. ಮರುದಿನ ಕಾಕು ನಡುನೋವಿನಲ್ಲೂ ತಾವೇ ಚೀಲ ಹೊತ್ತು ಡಂಕಿಗೆ ಹೋಗಿ, ಎಲ್ಲರಿಗೂ ಕೇಳುವಂತೆ "ನನ್ನ ಖಾರ" ಎಂದು ಹೇಳಿ ಕುಟ್ಟಿಸಿಕೊಂಡು ಬಂದರು.

ಸಾಲೆ ಶುರುವಾಗುವ ಮುಂದೆ ಅತ್ತೆ ಬಂದರು. ಕೈಯಲ್ಲಿ ತಂಗಿಯ ಬಟ್ಟೆಗೆಂದು ಒಂದು ಖಾಲಿ ಬ್ಯಾಗು. ಊಟಕ್ಕೆ ಕುಂದ್ರಿ ಎಂದೆ. ರೊಟ್ಟಿ, ಬದನೆಕಾಯಿ ಪಲ್ಯ ನೀಡಿದೆ. ಅತ್ತೆ ಒಂದು ತುತ್ತು ಅಗಿದು ನಿಲ್ಲಿಸಿದರು.

"ಖಾರ ಯಾರದಿದು?"

ಅಪ್ಪ ತಟ್ಟೆ ನೋಡುತ್ತ ಕುಳಿತರು. "ಕಾಕು ಕೊಟ್ಟಾರ," ಎಂದಳು ತಂಗಿ.

"ಕಾಕು ಯಾವಾಗಿಂದ ಇಷ್ಟು ಕೊಬ್ರಿ ಹಾಕಾಕ ಹತ್ಯಾಳ? ಆಕಿ ಖಾರ ಉಂಡ್ರ ಕಿವ್ಯಾಗ ಹೊಗಿ ಬರ್ತದ."

ಅತ್ತೆ ತಟ್ಟೆ ಮುಂದೆ ಸರಿಸಿದರು. "ಇನ್ನೊಂದೀಟು ಪಲ್ಯ ನೀಡು."

ಕೈ ತೊಳೆದು ತಂಗಿಯನ್ನು ಕರೆದರು. "ಬರ್ತೀಯೇನು, ಇಲ್ಲೇ ಇರ್ತೀಯೇನು? ನಾಚಬ್ಯಾಡ, ಹೇಳು."

ತಂಗಿ ನನ್ನ ಕಡೆ ನೋಡಿದಳು. ಈ ಸಲ "ನೋಡೂಣು" ಎನ್ನಲು ಆಗುತ್ತಿರಲಿಲ್ಲ.

"ಇಲ್ಲೇ ಇರ್ಲಿರಿ ಅತ್ತಿ," ಎಂದೆ.

"ನಾಳೆ ನಿನ್ನ ಮದುವಿ ಆತಂದ್ರ?"

"ಅಷ್ಟೊತ್ತಿಗೆ ಆಕಿನೂ ಹುರಿಯಾಕ ಕಲ್ತಿರ್ತಾಳ್ರಿ."

"ಭಾಳ ಮಾತು ಕಲ್ತಿ," ಎಂದರು ಅತ್ತೆ. ಬ್ಯಾಗನ್ನು ಸಣ್ಣದಾಗಿ ಮಡಿಚಿ ಸೆರಗಿನ ಕೆಳಗೆ ಇಟ್ಟುಕೊಂಡರು.

ನಾವಿಬ್ಬರೂ ಸ್ಟ್ಯಾಂಡಿನ ತನಕ ಹೋದೆವು. ಬಸ್ಸು ಹೊರಟ ಮೇಲೆ ತಂಗಿ ನನ್ನ ಕೈ ಹಿಡಿದು ಜೋರಾಗಿ ಜಗ್ಗಿದಳು. ಸಂತೋಷವಾಗಬೇಕಾದ ಹೊತ್ತು ಅದು ಎಂದು ನನಗೆ ಗೊತ್ತಿತ್ತು. ಆಕೆ ಸಾಲೆಯ ಬಗ್ಗೆ, ಹೊಸ ಯೂನಿಫಾರ್ಮಿನ ಬಗ್ಗೆ ದಾರಿಯುದ್ದಕ್ಕೂ ಮಾತಾಡುತ್ತ ಬಂದಳು. ನಾನು ಹ್ಞೂಂ ಅನ್ನುತ್ತ, ಆಕೆಯ ನಡಿಗೆಗೆ ಸರಿಯಾಗಿ ನಡೆದೆ.