ದೋಸೆ ಹಾಕುವ ಭುಜಕ್ಕೆ ಏಳು ಸೂಜಿ

"ಏನರ ತಿಂದು ಬಂದೀರೇನ್ರಿ? ಖಾಲಿ ಹೊಟ್ಟಿಗೆ ಸೂಜಿ ಚುಚ್ಚಂಗಿಲ್ಲ," ಅಂತ ಡಾಕ್ಟರಮ್ಮ ಕೇಳಿದರು. ಧಾರವಾಡದ ಕಡೆಯವರು, ಮುಂಬಯಿಯ ವಡಾಲದಲ್ಲಿ ಅಕ್ಯುಪಂಕ್ಚರ್ ಕ್ಲಿನಿಕ್ಕು.

"ಹೋಟೆಲಿನವನಿಗೆ ತಿನ್ನಲಿಕ್ಕೆ ಬರಗಾಲವಾ ಮೇಡಂ?" ಅಂದೆ.

ಸುಳ್ಳು. ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವನಿಗೆ ಬೆಳಗ್ಗೆ ಹಸಿವೇ ಆಗುವುದಿಲ್ಲ, ಎಣ್ಣೆಯ ವಾಸನೆಗೇ ಹೊಟ್ಟೆ ತುಂಬುತ್ತದೆ. ಈಗ ಬಲಭುಜ ಮೇಲೇಳುತ್ತಿರಲಿಲ್ಲ, ಧಣಿಗಳು ಬೇರೆಯವನನ್ನು ಹುಡುಕುತ್ತಿದ್ದರು. ಆ ಚಿಂತೆಯಲ್ಲಿ ಚಾ ಕೂಡ ಕುಡಿದಿರಲಿಲ್ಲ.

ಭುಜಕ್ಕೂ ಕೈಗೂ ಏಳು ಸೂಜಿ ಚುಚ್ಚಿದರು. ನೋವಿಲ್ಲ, ಇರುವೆ ಹರಿದ ಹಾಗೆ ಜುಮ್ಮೆಂದಿತು ಅಷ್ಟೇ. "ಇಪ್ಪತ್ತು ನಿಮಿಷ ಅಲುಗಾಡಬ್ಯಾಡ್ರಿ. ತ್ರಾಸ ಆದ್ರ ಕರೀರಿ," ಎಂದು ಪರದೆ ಎಳೆದು ಹೋದರು.

ಐದೇ ನಿಮಿಷಕ್ಕೆ ಹಣೆ ತಣ್ಣಗೆ ಬೆವರಿತು. ತಲೆಯ ಮೇಲಿನ ಫ್ಯಾನು ದೂರ ದೂರ ಸರಿಯಿತು. ಕಿವಿಯೊಳಗೆ ಲೋಕಲ್ ಟ್ರೈನು ಓಡಿದ ಸದ್ದು. ಕರೆದರೆ ಸುಳ್ಳು ಗೊತ್ತಾಗುತ್ತದೆ, ಕರೆಯದಿದ್ದರೆ ಎಚ್ಚರ ತಪ್ಪುತ್ತದೆ. "ಮೇಡಂ" ಅಂದೆ. ದನಿ ನನಗೇ ಕೇಳಿಸಲಿಲ್ಲ. ಇದ್ದಬದ್ದ ಉಸಿರೆಲ್ಲ ಸೇರಿಸಿ ಕಿರುಚಿದೆ.

ಓಡಿಬಂದು ಸೂಜಿಗಳನ್ನು ತೆಗೆದರು, ಕಾಲಡಿ ದಿಂಬಿಟ್ಟರು, ಸ್ವಲ್ಪ ಸುಧಾರಿಸಿದ ಮೇಲೆ ಸಕ್ಕರೆ ನೀರು ಕುಡಿಸಿದರು.

"ಖರೇ ಹೇಳ್ರಿ, ಏನ್ ತಿಂದೀರಿ?"

"ಏನೂ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೂಜಿಯಿಂದಲೋ ರಜೆಯಿಂದಲೋ, ತಿಂಗಳೊಳಗೆ ಭುಜ ಎದ್ದಿತು. ಚಿಕಿತ್ಸೆಯ ಕೊನೆಯ ದಿನ ನಾನೇ ಹಾಕಿದ ಮಸಾಲೆ ದೋಸೆ ಕಟ್ಟಿಕೊಂಡು ಹೋಗಿ ಕೊಟ್ಟೆ. ಅವರು ಪೊಟ್ಟಣ ಬಿಚ್ಚಿ, ಅರ್ಧ ಮುರಿದು ನನ್ನ ಕಡೆ ಚಾಚಿದರು.

"ಮೊದಲ ನೀವು. ನನ್ನ ಕಣ್ಮುಂದ ತಿನ್ರಿ."

ತಿಂದೆ. ಉಪ್ಪು ಜಾಸ್ತಿ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಹೇಳಿರಲಿಲ್ಲ.