ಹೊಲಿಗೆ ಕಾಯುವ ಯಮನಮ್ಮ

ಮಾನ್ವಿಯ ಹೊರಕೇರಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಯಮನಮ್ಮನ ಹಂಡೆ ಕುದಿಯುತ್ತದೆ. ಅಂಗಳದ ಕಲ್ಲಿನ ಮೇಲೆ ಆಕೆ ಕಾಲು ನೀಡಿ ಕೂತಿದ್ದಾಳೆ. ಕಾಲ ಮೇಲೆ ಬೋರಲು ಮಲಗಿದ ಇಪ್ಪತ್ತಾರು ದಿನದ ಗಂಡು ಕೂಸು ಬೆನ್ನಿಗೆ ನೀರು ಬಿದ್ದಾಗೊಮ್ಮೆ ಇಡೀ ಕೇರಿಯನ್ನು ಬೈಯುತ್ತದೆ. ಕೂಸಿನ ತಾಯಿ ಬಸವಂತಮ್ಮ ಒಣ ಸೀರೆಯಲ್ಲಿ ಹೊಸ್ತಿಲ ಮೇಲೆ ಕೂತು ನೋಡುತ್ತಾಳೆ. ಬಾಣಂತಿಯರಿಗೆ ಕೊಡಗಟ್ಟಲೆ ಸುಡುನೀರು ಹೊಯ್ದು ಹೊಟ್ಟೆ ತಿಕ್ಕುವುದರಲ್ಲಿ ಯಮನಮ್ಮನ ಕೈ ಸುತ್ತ ಹತ್ತೂರಿಗೆ ಹೆಸರಾದದ್ದು. ಈ ಬಾಣಂತಿಯ ಹೊಟ್ಟೆಗೆ ಮಾತ್ರ ಒಂದು ಹನಿಯೂ ತಾಕುವಂತಿಲ್ಲ.

ನೆರೆಮನೆಯ ಗೋಪಮ್ಮ ಕೆಂಡ ಕೇಳುವ ನೆಪದಲ್ಲಿ ಬಂದು ನಿಲ್ಲುತ್ತಾಳೆ. ಅವಳ ಕಣ್ಣು ಒಲೆಯ ಕಡೆಗಿಲ್ಲ, ಬಸವಂತಮ್ಮನ ಪಾದದ ಕಡೆಗಿದೆ.

"ಮುಂದಕ್ಕೇ ಅದಾವ ಬೇ ಪಾದ. ದೆವ್ವ ಅಲ್ಲ ಅಕಿ," ಎನ್ನುತ್ತಾಳೆ ಯಮನಮ್ಮ, ತಲೆ ಎತ್ತದೆ. "ನೋಡಿ ಆತಿಲ್ಲೋ? ಕೆಂಡ ಒಯ್ಯಿ."

ಯಮನಮ್ಮನ ತವರು ದೇವದುರ್ಗ. ಗಂಡ ಬೇಗ ತೀರಿಕೊಂಡ, ಅತ್ತೆ ಸೂಲಗಿತ್ತಿಯ ಕಸುಬು ಕಲಿಸಿ ತಾನೂ ಹೋದಳು. ಈಗ ಐವತ್ತರ ಆಸುಪಾಸು. ದಿನಕ್ಕೆ ಮೂರು ಕೂಸುಗಳಿಗೆ ನೀರು ಹಾಕುತ್ತಾಳೆ, ಕರೆ ಬಂದರೆ ಪೋತ್ನಾಳದವರೆಗೂ ನಡೆಯುತ್ತಾಳೆ. "ಒಂಬೈನೂರಕ್ಕ ಎಣಸೋದು ಬಿಟ್ಟೆ. ಈ ಊರಾಗ ನನ್ನ ಬೈಯೋ ಮಂದಿಯೆಲ್ಲ ನಾನ ಎತ್ತಿದ ಕೂಸಗೋಳು," ಎಂದು ನಗುತ್ತಾಳೆ.

ಆಕೆ ನಗದೆ ಹೇಳುವ ಲೆಕ್ಕ ಇನ್ನೊಂದಿದೆ. ಬಸುರಿ ಹೆರದೆ ಸತ್ತರೆ ಎರಡು ಜೀವವನ್ನು ಒಂದೇ ಕುಣಿಗೆ ಇಳಿಸಬಾರದು ಎನ್ನುತ್ತಾರೆ ಇಲ್ಲಿಯವರು. ಹೊಟ್ಟೆ ಕೊಯ್ದು ಕೂಸನ್ನು ಬೇರೆ ಮಾಡಬೇಕು. ಆ ಕೆಲಸಕ್ಕೂ ಯಮನಮ್ಮನೇ ಬೇಕು. ಆಮೇಲೆ ಒಂದು ತಿಂಗಳು ಯಾರೂ ಆಕೆಯನ್ನು ಹೊಸ್ತಿಲು ಹತ್ತಿಸುವುದಿಲ್ಲ. ಅಂಥವು ಈವರೆಗೆ ಒಂಬತ್ತು. ಹಾಗಾಗಿ 'ಹೊಟ್ಟೆ ಕೊಯ್ಯುವುದು' ಎಂಬ ಮಾತಿಗೆ ಮಾನ್ವಿಯಲ್ಲಿ ಇರುವುದು ಒಂದೇ ಅರ್ಥ.

ಹೋದ ತಿಂಗಳು ಅಕ್ಕಿ ಗಿರಣಿಯ ಮಾಲೀಕ ದೊಡ್ಡಪ್ಪನವರ ಸೊಸೆ ಬಸವಂತಮ್ಮನಿಗೆ ನೋವು ಎದ್ದಿತು. ಚೊಚ್ಚಲು. ಮರುದಿನ ನಸುಕಿನಲ್ಲಿ ತಲೆ ಬರಬೇಕಾದಲ್ಲಿ ಕೂಸಿನ ಕೈ ಹೊರಗೆ ಬಂತು. ಯಮನಮ್ಮ ಆ ಕೈಯನ್ನು ಎಳೆಯಲಿಲ್ಲ. ಹೊರಗೆ ಬಂದು, "ಯಪ್ಪಾ, ಇದು ನನ್ನ ಕೈಲಿ ಆಗೂದಲ್ಲ. ಈಗಿಂದೀಗ ರಾಯಚೂರಿಗೆ ಒಯ್ರಿ," ಎಂದಳು. ಗಿರಣಿಯ ಲಾರಿ ಓಡುವುದು ಇದ್ದಿಲ ಹೊಗೆಯಿಂದ. ಮಹಾಯುದ್ಧ ಮುಗಿದರೂ ಪೆಟ್ರೋಲು ಇನ್ನೂ ಮಾನ್ವಿಯ ದಾರಿ ಹಿಡಿದಿರಲಿಲ್ಲ. ಡ್ರೈವರ್ ಶಾಮೀದಸಾಬ ಏರು ಬಂದಲ್ಲೆಲ್ಲ ದೇವರನ್ನೂ ಇಂಜಿನ್ನನ್ನೂ ಒಟ್ಟಿಗೆ ಬೇಡಿಕೊಂಡ.

ದವಾಖಾನೆಯ ಡಾಕ್ಟರಮ್ಮ ನೋಡಿದ ಕೂಡಲೇ ಹೊರಗೆ ಬಂದು ಹೇಳಿದರು: "ಹೊಟ್ಟೆ ಕೊಯ್ದು ಮಗು ತೆಗೀತೀವಿ. ಬೇಗ ಹೆಬ್ಬೆಟ್ಟು ಒತ್ತಿ."

ದೊಡ್ಡಪ್ಪ ಮುಂದೆ ಏನೂ ಕೇಳಲಿಲ್ಲ. "ಹೋದ್ಯಾ ನನ್ನವ್ವಾ!" ಎಂದು ಎದೆ ಬಡಿದುಕೊಂಡು ಕುಣಿ ತೋಡಿಸಲು ಲಾರಿಯತ್ತ ಓಡಿದರು. ಗಂಡ ಮರಿಸ್ವಾಮಿ ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದಿದ್ದ.

ಉಳಿದವಳು ಯಮನಮ್ಮ. "ಅಕಿ ಇನ್ನಾ ಉಸಿರಾಡಾಕತ್ಯಾಳ್ರೀ. ಜೀವಂತ ಇದ್ದಾಕಿನ್ನ ಕೊಯ್ತೀರೇನು?"

"ಬದುಕಿಸಲಿಕ್ಕೇ ಕೊಯ್ಯೋದು," ಎಂದರು ಡಾಕ್ಟರಮ್ಮ.

ಅಂಥ ಮಾತನ್ನು ಆಕೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗುಮಾಸ್ತ ಕಾಗದ ಚಾಚಿ, "ರಿಶ್ತಾ ಕ್ಯಾ ಹೈ? ನೀ ಅಕಿಗೆ ಏನಾಗಬೇಕು?" ಎಂದ. ಯಮನಮ್ಮ ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡಳು. "ತಾಯಿ ಅಂತ ಬರಕೊಳ್ರಿ."

ಬಾಗಿಲು ಮುಚ್ಚಿತು. ಆ ಗೋಡೆಯಾಚೆ ಏನು ನಡೆಯುತ್ತಿದೆ ಎಂಬುದು ಹೊರಗೆ ಕೂತವರಲ್ಲಿ ಅವಳೊಬ್ಬಳಿಗೇ ಗೊತ್ತು, ಗೊತ್ತಿದ್ದದ್ದೇ ಕಷ್ಟವಾಯಿತು. ಮೊದಲ ಗೀರು ಎಲ್ಲಿ, ಆಮೇಲೆ ಕೈ ಎಲ್ಲಿಗೆ ಹೋಗುತ್ತದೆ ಎಂದು ಅವಳ ಬೆರಳುಗಳೇ ಮಡಿಲಲ್ಲಿ ಲೆಕ್ಕ ಹಾಕುತ್ತಿದ್ದವು. ಅಷ್ಟರಲ್ಲಿ ಒಳಗಿನಿಂದ ಕೂಸು ಕಿರುಚಿತು.

"ಒಂಬತ್ತು ಸಲ ಕೊಯ್ದೀನ್ರಿ," ಎನ್ನುತ್ತಾಳೆ ಯಮನಮ್ಮ. "ಕೊಯ್ದ ಹೊಟ್ಟ್ಯಾಗಿಂದ ಅಳೂ ಸಪ್ಪಳ ಅವತ್ತಿನ ತನಕ ಕೇಳಿದ್ದಿಲ್ಲ."

ಅತ್ತ ಮಾನ್ವಿಯಲ್ಲಿ ಕುಣಿ ಸಿದ್ಧವಾಗಿತ್ತು, ಊರ ಸ್ವಾಮಿ ಮಹಾಂತಯ್ಯ ವಿಭೂತಿ ಹಿಡಿದು ಕಾದಿದ್ದರು. ಹೆಣ ತರಲು ಹೋದ ಶಾಮೀದಸಾಬ ಮರುದಿನ ಖಾಲಿ ಲಾರಿ ತಂದು ನಿಲ್ಲಿಸಿದ. "ಯಪ್ಪಾ, ಹೆಣ ಗಂಜಿ ಕೇಳಾಕತ್ತದ."

ಅವನನ್ನು ಹೊಡೆಯಲು ಹೋದವರೂ ಇದ್ದರು. ಆಣೆ ಇಟ್ಟ ಮೇಲೆ ನಂಬಿದರು. ಆದರೆ ಹೆಸರು ಹಿಡಿದು ತೋಡಿದ ಕುಣಿ ಬರಿದಾಗಿ ಉಳಿಯಬಾರದಂತೆ. ಹಿರಿಯರು ತಲೆಗೆ ತಲೆ ಕೂಡಿಸಿ, ಬಸವಂತಮ್ಮನ ಹೆಸರು ಹೇಳಿ ಒಂದು ಕುಂಬಳಕಾಯಿ ಹೂಳಿದರು. ಹೆಸರು ಮಣ್ಣಾಯಿತು. ಮಣ್ಣಾದವಳನ್ನು ಮನೆಗೆ ಕರೆದುಕೊಳ್ಳುವುದು ಹೇಗೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಹದಿನೆಂಟು ದಿನ ದವಾಖಾನೆಗೆ ಯಾರೂ ಬರಲಿಲ್ಲ.

ಆ ಹದಿನೆಂಟು ದಿನ ಯಮನಮ್ಮ ಮಂಚದ ಕೆಳಗೆ ಮಲಗಿ ಹೊಸ ಕಸುಬು ಕಲಿತಳು. ಕೆಮ್ಮು ಬಂದರೆ ಮಡಚಿದ ಸೀರೆಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಬೇಕು. ಹೊಲಿಗೆ ಬಿಚ್ಚಿದ ಮೇಲೂ ಗಾಯದ ಒಂದು ತುದಿ ಹಸಿಯಾಗಿಯೇ ಉಳಿಯಿತು. ಅದಕ್ಕೆ ದಿನವೂ ಕುದಿಸಿ ಒಣಗಿಸಿದ ಬಟ್ಟೆ ಕಟ್ಟಬೇಕು. ಬಸವಂತಮ್ಮನಿಗೆ ಗಾಯಕ್ಕಿಂತ ಬೇರೊಂದು ನೋವು. "ನಾ ಹಡೆದೇ ಇಲ್ಲ ಅನಸ್ತದ ಯವ್ವಾ. ಮಲಗಿದ್ದೆ, ಎದ್ದೆ, ಕೂಸು ಕೊಟ್ರು. ಇದು ನಂದ ಅದ ಅಂತ ಹೆಂಗ ನಂಬಲಿ?" ಯಮನಮ್ಮ ಕೂಸನ್ನು ಅವಳ ಎದೆಗೆ ಹಚ್ಚಿದಳು. ದವಾಖಾನೆಯಿಂದ ಬಿಟ್ಟ ದಿನ ಇಬ್ಬರನ್ನೂ ಹೊರಕೇರಿಯ ತನ್ನ ಮನೆಗೇ ಕರೆತಂದಳು.

ಇಂದು, ಕೂಸಿಗೆ ಧೂಪ ಹಾಕುವ ಹೊತ್ತಿಗೆ ದೊಡ್ಡಪ್ಪ ಕೇರಿಯ ಬಾಯಿಗೆ ಬಂದು ನಿಂತಿದ್ದಾರೆ. ಒಳಗೆ ಕಾಲಿಡುವುದಿಲ್ಲ.

"ಯಮನವ್ವಾ, ನಮ್ಮ ಮೊಮ್ಮಗನ್ನ ಕೊಡು."

"ತಾಯೀನೋ?"

"ಅಕಿದು ಮುಗದದಲ್ಲಬೇ. ಮಣ್ಣು ಮಾಡೀವಿ."

ಹೊಸ್ತಿಲಲ್ಲಿ ಕೂತ ಬಸವಂತಮ್ಮನ ಮುಖ ಸುಣ್ಣವಾಗುತ್ತದೆ. ಯಮನಮ್ಮ ಕೂಸನ್ನು ಅವಳ ಮಡಿಲಿಗಿಟ್ಟು, ಕೈ ಒರೆಸಿಕೊಂಡು ಹೋಗಿ ನಿಲ್ಲುತ್ತಾಳೆ.

"ಹಂಗಾರ ನಿಮ್ಮ ಸೊಸಿ ಸತ್ಲು. ಒಪ್ಪಿದೆ. ಇಲ್ಲಿರಾಕಿ ನನ್ನ ಮಗಳು, ಸರಕಾರದ ಕಾಗದದಾಗ ಅದ. ಮಗಳನ್ನ ಕೇಳಾಕ ಬರೋರು ವೀಳ್ಯ ತರತಾರ್ರೀ, ಖಾಲಿ ಕೈಲಿ ಬರಂಗಿಲ್ಲ. ಕುಂಬಳಕಾಯಿ ಮಣ್ಣು ಮಾಡಿದ್ರಿ, ಕುಂಬಳಕಾಯಿಗೇ ಮೊಮ್ಮಗನ್ನ ಕೇಳ್ರಿ."

ದೊಡ್ಡಪ್ಪ ಬಿರಬಿರನೆ ಹೊರಟುಹೋಗುತ್ತಾರೆ. ಮಧ್ಯಾಹ್ನಕ್ಕೆ ಶಾಮೀದಸಾಬನ ಲಾರಿಯಿಂದ ಮರಿಸ್ವಾಮಿ ಒಬ್ಬನೇ ಇಳಿಯುತ್ತಾನೆ. ಕೈಯಲ್ಲಿ ವೀಳ್ಯದೆಲೆ, ಒಂದು ಕುಪ್ಪಸದ ಕಣ. ತಲೆ ಎತ್ತದೆ ಅಂಗಳ ದಾಟುತ್ತಾನೆ. ಬಸವಂತಮ್ಮ ಎಲೆಯನ್ನು ಮುಟ್ಟದೆ ಗಂಡನಿಗೆ ಹೇಳುತ್ತಾಳೆ:

"ಇವತ್ತ ಬರಂಗಿಲ್ಲ. ಗಾಯ ಮಾಯಲಿ. ಆತನಕ ದಿನಾ ಬಂದು ನೀರು ಸೇದಿ ಹಾಕು."

ಗಿರಣಿ ಮಾಲೀಕರ ಮಗ ಕೊಡ ಎತ್ತಿಕೊಂಡು ಬಾವಿಯತ್ತ ನಡೆಯುತ್ತಾನೆ. ಗೋಪಮ್ಮನಿಗೆ ಮತ್ತೆ ಕೆಂಡ ಬೇಕಾಗುತ್ತದೆ.

ಯಮನಮ್ಮನಿಗೆ ಏನು ಬೇಕು? ರಾಯಚೂರಿನ ದಾರಿ ಹಿಡಿಯಲಿರುವ ಶಾಮೀದಸಾಬನ ಲಾರಿಗೆ ಕೈ ಅಡ್ಡ ಹಾಕಿ ಅದನ್ನೂ ಹೇಳುತ್ತಾಳೆ:

"ಆ ಡಾಕ್ಟರಮ್ಮಗ ಒಂದು ಮಾತು ಮುಟ್ಟಸು ತಮ್ಮಾ. ಭಾಳ ಪುಣ್ಯಾದ ಕೈ ಅಕಿದು. ಖರೇ, 'ಕೊಯ್ತೀವಿ' ಅನಬ್ಯಾಡ್ರಿ ಅನ್ನು. 'ಇನ್ನೊಂದು ಬಾಗಲಾ ತೆರೀತೀವಿ' ಅನ್ಲಿ. ನಮ್ಮ ಗಂಡಸ್ರು ಅಷ್ಟು ದೂರ ಓಡಂಗಿಲ್ಲ."