ನೊಯ್‌ಳ ನದಿಗೆ ಸೇತುವೆ ಬಂದ ಮೇಲೆ

ಸೇತುವೆ ಜನರನ್ನು ಕೂಡಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಂಗಳೂರಿನ ಕಾಲೇಜಿನಲ್ಲಿ ಅದನ್ನೇ ವಾದಿಸಿ ನಾನೂ ಚರ್ಚಾಸ್ಪರ್ಧೆ ಗೆದ್ದಿದ್ದೆ. ಲಂಡನ್ನಿನ ಗ್ರೀನ್‌ಫರ್ಡಿಗೆ ಬಂದ ಮೊದಲ ಸಂಜೆ ಬಾಡಿಗೆ ಮನೆಯ ಬಾಗಿಲು ತೆರೆದರೆ ಹೊಗೆಯ ಅಲಾರಂ ಕಿರುಚುತ್ತಿತ್ತು. ಅದರಡಿ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬಳು ಟವೆಲ್ ಬೀಸುತ್ತ ನಗುತ್ತಿದ್ದಳು. ಪಕ್ಕದ ಕೋಣೆಯ ನೊಯ್, ಥಾಯ್ ಹೋಟೆಲಿನ ಅಡುಗೆಯವಳು. ಆ ವಾದ ಸೋತದ್ದು ಅವಳೆದುರು.

ಅವಳ ಪ್ರಾಂತ್ಯ ನೋಂಗ್ ಖಾಯ್. ಥಾಯ್ಲೆಂಡ್ ಎಂದೊಡನೆ ಜಾಹೀರಾತಿನ ಕಡಲತೀರ ನೆನೆಯಬೇಡಿ. ಅಲ್ಲಿ ಕಡಲೇ ಇಲ್ಲ. ಮೆಕಾಂಗ್ ನದಿಯ ಗುಂಟ ಚಾಚಿದ ಸಪೂರ ನೆಲ, ಎದುರು ದಡವೇ ಲಾವೋಸ್. ಎರಡೂ ಕಡೆ ಮಾತು ಹೆಚ್ಚುಕಡಿಮೆ ಒಂದೇ, ಊಟವೂ ಒಂದೇ: ‘ಖಾವ್ ನಿಯಾವ್’, ಬಿದಿರ ಬುಟ್ಟಿಯಲ್ಲಿ ಹಬೆಗಿಟ್ಟ ಅಂಟಕ್ಕಿ. ನಮ್ಮ ಕುಚ್ಚಲಕ್ಕಿ ಗಂಜಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಕಟ್ಟಿ ಬಂದ ನನ್ನಂಥವಳಿಗೆ ದೋಸೆಗೆಂದು ಈಸ್ಟ್ ಹ್ಯಾಮ್‌ವರೆಗೆ ಟ್ಯೂಬ್ ರೈಲು ಹಿಡಿಯುವ ತ್ರಾಣ ಎಲ್ಲಿ? ಅವಳದ್ದನ್ನೇ ಉಂಡೆ ಕಟ್ಟಿ ತಿನ್ನಲು ಕಲಿತೆ.

ಮಳೆಗಾಲದ ವ್ರತ ಮುಗಿಯುವ ದಿನ ಅವರ ನದಿಯಿಂದ ನಾಗ ಬೆಂಕಿಯುಂಡೆ ಉಗುಳುತ್ತಾನಂತೆ.

“ಎದುರು ದಡದವರು ಹಾರಿಸೋದಿರಬೇಕು,” ಎಂದೆ.

“ನಿಮ್ಮೂರಲ್ಲಿ ನಾಗನ ಕಲ್ಲಿಗೆ ಹಾಲು ಎರೆಯೋದು ಎಂತಕ್ಕೆ ಮಾರಾಯ್ತಿ? ಕಲ್ಲಿಗೆ ಹಸಿವೆಯಾ?”

‘ಮಾರಾಯ್ತಿ’ ನಾನು ಕಲಿಸಿದ್ದು. ಉಳಿದದ್ದೆಲ್ಲ ನಮ್ಮಿಬ್ಬರ ಹರಕು ಇಂಗ್ಲಿಷ್. ಅದನ್ನು ನಮ್ಮೂರ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನೊಯ್‌ಳ ಗಂಡ ಆ ನದಿಯಲ್ಲಿ ದೋಣಿ ನಡೆಸುತ್ತಿದ್ದ. ದೇಶ ದೇಶಗಳ ಸ್ನೇಹಕ್ಕೆಂದು ಸೇತುವೆ ಬಂತು, ಜನ ದೋಣಿ ಬಿಟ್ಟು ಬಸ್ಸು ಹತ್ತಿದರು. ಅವನು ಬ್ಯಾಂಕಾಕಿಗೆ ಹೋದ, ಇವಳು ಇಲ್ಲಿಗೆ ಬಂದಳು, ಮಗಳು ಅಜ್ಜಿಯ ಬಳಿ ಉಳಿದಳು. ಯಾರನ್ನು ಕೂಡಿಸಿತು ಅದು?

ನಿನ್ನೆ ಹೋಟೆಲಿನವನು ನೊಯ್‌ಳನ್ನು ಕೇಳಿದ್ದಾನೆ: ಇನ್ನಷ್ಟು ವರ್ಷ ಇರುತ್ತೀಯೋ, ಊರಿಗೆ ಹೊರಡುತ್ತೀಯೋ? ನಾಳೆ ಹೇಳಬೇಕು.

“ನೀನು ವಾದದವಳಲ್ಲವಾ? ಎರಡೂ ಕಡೆ ನೀನೇ ಮಾತಾಡು. ನಾನು ಕೇಳ್ತೇನೆ,” ಎಂದಳು ನೊಯ್.

ಹೋಗುವ ಪರವಾಗಿ ಒಂದೇ ಮಾತು ಸಿಕ್ಕಿತು: ಮಗಳು ಫೋನಿನಲ್ಲಿ ಈಗ ಅಜ್ಜಿಯನ್ನೇ ‘ಮೇ’, ಅಂದರೆ ಅಮ್ಮ, ಎನ್ನುತ್ತಾಳೆ. ಉಳಿಯುವ ಪರವಾಗಿ ಮಾತು ತಾನಾಗಿ ಹರಿಯಿತು. ಅಲ್ಲಿ ಕೆಲಸವಿಲ್ಲ, ಗಂಡ ಊರಲ್ಲಿಲ್ಲ, ಮಗಳ ಶಾಲೆ ನಡೆಯುವುದೇ ಇಲ್ಲಿನ ದುಡಿಮೆಯಿಂದ, ಮರಳಿದವರಿಗೆ ಊರೂ ಹೊಸದೇ. ಕೊನೆಯದನ್ನು ಹೇಳುವಾಗ ಯಾರ ಊರನ್ನು ಹೇಳುತ್ತಿದ್ದೇನೆಂದು ನನಗೇ ಸರಿಯಾಗಿ ತಿಳಿಯಲಿಲ್ಲ. ಮಂಗಳೂರಿಗೆ ಹೋಗಿ ನನಗೂ ವರ್ಷಗಳಾದವು.

“ಉಳಿಯೋದೇ ಗೆದ್ದಿತು,” ಎಂದೆ.

ನೊಯ್ ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಂಡಳು.

“ಚಂದ ಮಾತಾಡಿದೆ. ಒಂದು ಹೇಳು ಮಾರಾಯ್ತಿ. ಇಷ್ಟೆಲ್ಲ ಹೇಳಿದ್ದು ನನ್ನ ಮಗಳಿಗೋಸ್ಕರವಾ, ನಾನು ಹೋದ್ರೆ ಈ ಮನೇಲಿ ನೀನೊಬ್ಬಳೇ ಆಗ್ತೀ ಅಂತಲಾ?”